ರಾಮಗಢದ ಹಣ್ಣಿನ ತೋಟಗಳ ಪರವಾಗಿ: ಉತ್ತರಾಖಂಡದ ಮುಖ್ಯಮಂತ್ರಿಯವರಿಗೂ ಬೆಟ್ಟದಲ್ಲಿ ಮನೆ ಬಯಸುವ ಕನ್ನಡಿಗರಿಗೂ ಒಂದು ಬಹಿರಂಗ ಪತ್ರ

ಉತ್ತರಾಖಂಡದ ಮಾನ್ಯ ಮುಖ್ಯಮಂತ್ರಿಯವರಿಗೆ, ಹಾಗೂ ಕುಮಾವೂಂ ಬೆಟ್ಟಗಳಲ್ಲಿ ಜಾಗ ಕೊಳ್ಳುವ ಯೋಚನೆಯಲ್ಲಿರುವ ನನ್ನ ಕನ್ನಡದ ಬಂಧುಗಳಿಗೆ,

ಸಾದರ ನಮಸ್ಕಾರಗಳು.

ನಾನು ನೈನಿತಾಲ್ ಜಿಲ್ಲೆಯ ರಾಮಗಢದಲ್ಲಿ ಹಣ್ಣು ಬೆಳೆಯುವ ಕುಟುಂಬವೊಂದರ ಸೊಸೆ. ಹುಟ್ಟಿ ಬೆಳೆದದ್ದು ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲಿ, ಚಕ್ಕೋತದ ಮರಗಳಿದ್ದ ಮನೆಯಲ್ಲಿ. ಈ ಪತ್ರದ ಹಿಂದಿ ಪ್ರತಿಯನ್ನು ಮಾನ್ಯ ಮುಖ್ಯಮಂತ್ರಿಯವರ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಅದೇ ವಿಷಯವನ್ನು ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಕಣಿವೆಗೆ ಬಂದು ತೋಟಗಳನ್ನು ಸುತ್ತಿ ಬೆಲೆ ವಿಚಾರಿಸುವವರಲ್ಲಿ ದೆಹಲಿ, ಗುರುಗ್ರಾಮದ ಕಡೆಯವರೇ ಹೆಚ್ಚು. ಆದರೆ ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕನ್ನಡವೂ ಆ ಮಾತುಕತೆಯಲ್ಲಿ ಕೇಳತೊಡಗಿದೆ. ಆದ್ದರಿಂದ ಸರ್ಕಾರ ನಡೆಸುವವರಿಗೆ ಹೇಳಬೇಕಾದದ್ದನ್ನು ಕೊಳ್ಳಲು ಬರುವ ನನ್ನವರಿಗೂ ಕೇಳುವಂತೆ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ರಾಮಗಢವನ್ನು ನೋಡದವರಿಗಾಗಿ ಎರಡು ಮಾತು. ಭವಾಲಿಯಿಂದ ಮುಕ್ತೇಶ್ವರದ ಕಡೆಗೆ ಹೋಗುವ ರಸ್ತೆ ಗಾಗರ್ ಎಂಬ ಏರನ್ನು ಹತ್ತಿ ಆಚೆಗೆ ಇಳಿಯುವಾಗ, ಆಕಾಶ ತಿಳಿಯಾಗಿದ್ದರೆ, ನಂದಾದೇವಿ, ತ್ರಿಶೂಲಗಳ ಹಿಮದ ಸಾಲು ಎದುರಿಗೆ ಕಾಣುತ್ತದೆ. ಅಲ್ಲಿಂದ ಕೆಳಗೆ ಮಲ್ಲಾ ರಾಮಗಢ, ಇನ್ನೂ ಕೆಳಗೆ ಹೊಳೆಯ ಹತ್ತಿರ ತಲ್ಲಾ ರಾಮಗಢ. ಮೇಲಿನ ಇಳಿಜಾರಿನಲ್ಲಿ ಸೇಬು ಮತ್ತು ಪೇರ್, ಕೆಳಗಿನ ಬೆಚ್ಚನೆಯ ಮಗ್ಗುಲಲ್ಲಿ ಪೀಚ್, ಪ್ಲಮ್, ಏಪ್ರಿಕಾಟ್. ಮೇ ತಿಂಗಳಲ್ಲಿ ಖುಮಾನಿ ಎಂದು ಕರೆಯುವ ಏಪ್ರಿಕಾಟ್‌ನಿಂದ ಸುಗ್ಗಿ ಮೊದಲಾಗಿ, ಜೂನಿನಲ್ಲಿ ಇಲ್ಲಿಯವರು ಆಡೂ ಎನ್ನುವ ಪೀಚ್ ಮತ್ತು ಪ್ಲಮ್, ಮಳೆಗಾಲದ ನಡುವೆ ಸೇಬು ಮತ್ತು ಪೇರ್ ಎಂದು ಸರದಿಯಾಗಿ ಸಾಗುತ್ತದೆ. ಕುಮಾವೂಂನ ಹಣ್ಣಿನ ಬುಟ್ಟಿ ಎಂದು ಈ ಊರನ್ನು ಜನ ಕರೆಯುತ್ತಾರೆ, ಸರ್ಕಾರದ ಪ್ರವಾಸಿ ಕೈಪಿಡಿಗಳೂ ಹಾಗೆಯೇ ಕರೆಯುತ್ತವೆ. ರವೀಂದ್ರನಾಥ ಠಾಕೂರರು 1914ರ ಬೇಸಿಗೆಯಲ್ಲಿ ಇಲ್ಲಿ ತಂಗಿದ್ದರು. ಹಿಂದಿಯ ಕವಯಿತ್ರಿ ಮಹಾದೇವಿ ವರ್ಮಾ ಅವರು 1930ರ ದಶಕದಲ್ಲಿ ಇಲ್ಲಿ ಕಟ್ಟಿಸಿದ ಮೀರಾ ಕುಟೀರ ಇಂದಿಗೂ ಇದೆ. ಇವತ್ತು ನಿವೇಶನ ಮಾರುವವರ ಬಣ್ಣದ ಕಾಗದಗಳಲ್ಲಿ ಈ ಇಬ್ಬರ ಹೆಸರುಗಳೂ ಹಿಮದ ಸಾಲಿನ ಚಿತ್ರವೂ ಹೂಬಿಟ್ಟ ಸೇಬಿನ ಮರವೂ ತಪ್ಪದೆ ಇರುತ್ತವೆ. ಆ ಮರವನ್ನು ನೆಟ್ಟು, ಸವರಿ, ಮಂಗಗಳಿಂದ ಕಾಯ್ದವರ ಮಾತು ಮಾತ್ರ ಅಲ್ಲಿ ಇರುವುದಿಲ್ಲ.

ಮಾನ್ಯರೆ, ಮೊದಲಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಸಲ್ಲಿಸುತ್ತೇನೆ. ಹೊರರಾಜ್ಯದವರು ಹಳ್ಳಿಗಳಲ್ಲಿ ಮನೆಗಾಗಿ ಕೊಳ್ಳಬಹುದಾದ ಭೂಮಿಗೆ 2003ರಲ್ಲಿ 500 ಚದರ ಮೀಟರಿನ ಮಿತಿ ಬಂತು, 2007ರಲ್ಲಿ ಅದು 250 ಚದರ ಮೀಟರಿಗೆ ಇಳಿಯಿತು. 2018ರಲ್ಲಿ ಕೈಗಾರಿಕೆ, ಪ್ರವಾಸೋದ್ಯಮದ ಹೆಸರಿನಲ್ಲಿ ಕಟ್ಟುಗಳನ್ನು ಸಡಿಲಿಸಿದಾಗ ಬೆಟ್ಟದ ಜನ ಬೀದಿಗಿಳಿದು ಕೇಳಿದ್ದು ಬಿಗಿಯಾದ ಭೂಕಾನೂನನ್ನು. 2025ರ ಫೆಬ್ರುವರಿಯಲ್ಲಿ ವಿಧಾನಸಭೆ ಅಂಗೀಕರಿಸಿದ ತಿದ್ದುಪಡಿಯು ಹರಿದ್ವಾರ ಮತ್ತು ಊಧಮ್ ಸಿಂಗ್ ನಗರ ಜಿಲ್ಲೆಗಳನ್ನು ಬಿಟ್ಟು ಉಳಿದ 11 ಜಿಲ್ಲೆಗಳಲ್ಲಿ ಹೊರಗಿನವರು ಕೃಷಿ ಹಾಗೂ ತೋಟಗಾರಿಕೆ ಭೂಮಿ ಕೊಳ್ಳುವುದನ್ನು ತಡೆಯಿತು. ನಮ್ಮ ನೈನಿತಾಲ್ ಆ 11ರಲ್ಲಿ ಒಂದು. ಕಾಯ್ದೆ ಅಂಗೀಕಾರವಾದ ಸುದ್ದಿ ಬಂದಾಗ ನಮ್ಮ ಹಳ್ಳಿಯಲ್ಲಿ ಹಿರಿಯರು ನಿಟ್ಟುಸಿರು ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಆದರೂ ನನ್ನ ಮನೆಯ ಮೇಲಿನ ಇಳಿಜಾರಿನಲ್ಲಿ ಪಿಲ್ಲರ್‌ಗಳು ಏಳುವುದು ನಿಂತಿಲ್ಲ. ಕಾರಣ ಬಹಳ ಗೂಢವಾದುದೇನಲ್ಲ. ಒಂದು ಕುಟುಂಬ ಜೀವಮಾನದಲ್ಲಿ ಒಮ್ಮೆ, ಪ್ರಮಾಣಪತ್ರ ಸಲ್ಲಿಸಿ, ವಾಸಕ್ಕೆಂದು 250 ಚದರ ಮೀಟರು ಕೊಳ್ಳುವ ಅವಕಾಶವನ್ನು ಕಾಯ್ದೆ ಉಳಿಸಿಕೊಂಡಿದೆ. ಬಯಲುಸೀಮೆಯಲ್ಲಿ ಕುಳಿತು ನೋಡಿದರೆ ಇದು ಅತ್ಯಲ್ಪವಾದ ರಿಯಾಯಿತಿ. ನಮ್ಮಲ್ಲಿ ಭೂಮಿಯನ್ನು ಅಳೆಯುವುದು ನಾಲಿಯಲ್ಲಿ. ಒಂದು ನಾಲಿ ಎಂದರೆ ಸುಮಾರು 200 ಚದರ ಮೀಟರು. ಇಪ್ಪತ್ತು ನಾಲಿಯ ತೋಟ, ಅಂದರೆ ಒಂದು ಎಕರೆಗೆ ತುಸು ಕಡಿಮೆ, ಒಂದು ಸಂಸಾರವನ್ನು ಸಾಕುವ ತೋಟ. ಅದನ್ನೇ 250 ಚದರ ಮೀಟರುಗಳ ತುಂಡು ಮಾಡಿದರೆ ಹದಿನಾರು ನಿವೇಶನಗಳಾಗುತ್ತವೆ. ಹದಿನಾರು ಕುಟುಂಬಗಳು ಹದಿನಾರು ಪ್ರಮಾಣಪತ್ರ ಸಲ್ಲಿಸಿದರೆ ಒಬ್ಬರೂ ಕಾನೂನು ಮುರಿದಂತಾಗುವುದಿಲ್ಲ, ತೋಟವೂ ಉಳಿಯುವುದಿಲ್ಲ. ಬೆಟ್ಟದ ತೋಟ ಸಪಾಟಾದ ಹೊಲವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಮೇಲಿನ ಮೆಟ್ಟಿಲಿನ ಕಲ್ಲುಕಟ್ಟು ಕೆಳಗಿನ ಮೆಟ್ಟಿಲಿನ ಮಣ್ಣನ್ನು ಕಾಯುತ್ತದೆ, ಮೇಲಿನ ಕಾಲುವೆಯ ಹೆಚ್ಚುವರಿ ನೀರು ಕೆಳಗಿನ ಮರಗಳಿಗೆ ಇಳಿಯುತ್ತದೆ. ನಡುವಿನ ಎರಡು ಮೆಟ್ಟಿಲುಗಳನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿ ರಸ್ತೆ ತಂದರೆ, ಮಾರದೆ ಉಳಿದವನ ತೋಟವೂ ಮಾರಿದವನ ತೋಟದ ಜೊತೆಗೇ ಸಡಿಲವಾಗುತ್ತದೆ.

2021ರ ಅಕ್ಟೋಬರ್‌ನಲ್ಲಿ ಅದು ಹೇಗಿರುತ್ತದೆಂದು ನಾವು ನೋಡಿದೆವು. ಆ ತಿಂಗಳ 19ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಮುಕ್ತೇಶ್ವರದ ಹವಾಮಾನ ಕೇಂದ್ರ 340.8 ಮಿಲಿಮೀಟರ್ ಮಳೆಯನ್ನು ದಾಖಲಿಸಿತು. 1897ರಲ್ಲಿ ಅಲ್ಲಿ ದಾಖಲೆ ಇಡಲು ಆರಂಭಿಸಿದ ಮೇಲೆ ಒಂದೇ ದಿನದಲ್ಲಿ ಅಷ್ಟು ಮಳೆ ಬಿದ್ದದ್ದೇ ಇಲ್ಲ. ಹಿಂದಿನ ದಾಖಲೆ 1914ರ ಸೆಪ್ಟೆಂಬರಿನ 254.5 ಮಿಲಿಮೀಟರ್. ಮಳೆಗಾಲ ಮುಗಿಯಿತೆಂದು ಜನ ನಿರಾಳರಾಗಿದ್ದ ಹೊತ್ತಿನಲ್ಲಿ ಅದು ಬಂತು. ರಾಮಗಢದ ಕಣಿವೆಯಲ್ಲಿ ತೋಟದ ಮೆಟ್ಟಿಲುಗಳು ಮರಗಳ ಸಮೇತ ಹೊಳೆಗೆ ಜಾರಿದವು, ಮನೆಗಳು ಮಣ್ಣಿನಡಿಗೆ ಹೋದವು, ಕಟ್ಟಡದ ಕೆಲಸಕ್ಕೆಂದು ದೂರದ ಊರುಗಳಿಂದ ಬಂದಿದ್ದ ಕೂಲಿಕಾರರು ಮಲಗಿದ್ದಲ್ಲೇ ಸತ್ತರು. ಅಂಥ ಮಳೆಗೆ ಕಟ್ಟಡಗಳು ಕಾರಣವೆಂದು ನಾನು ಹೇಳುತ್ತಿಲ್ಲ. ಅಂಥ ಮಳೆ ಬಂದಾಗ ಯಾವ ಇಳಿಜಾರು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಅದಕ್ಕೂ ಮೊದಲಿನ ವರ್ಷಗಳಲ್ಲಿ ನಾವು ಏನು ಕಡಿದೆವು, ಎಲ್ಲಿ ಅಗೆದೆವು ಎಂಬುದು ನಿರ್ಧರಿಸುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ನೀರು. ಈ ಬೆಟ್ಟಗಳಲ್ಲಿ ಕುಡಿಯುವ ನೀರು ಬರುವುದು ನೌಲಾಗಳಿಂದ. ಬಾಂಜ್ ಓಕ್ ಕಾಡಿನ ಬುಡದಲ್ಲಿ ಜಿನುಗುವ ನೀರನ್ನು ಕಲ್ಲಿನ ಚೌಕದಲ್ಲಿ ಹಿಡಿದಿಡುವ ಹಳೆಯ ವ್ಯವಸ್ಥೆ ಅದು. ಹಿಮಾಲಯ ಪ್ರದೇಶದ ಬುಗ್ಗೆಗಳಲ್ಲಿ ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗವೇ 2018ರ ವರದಿಯಲ್ಲಿ ಎಚ್ಚರಿಸಿತ್ತು. ನಮ್ಮ ಹಳ್ಳಿಯ ನೌಲಾದಲ್ಲಿ ಮೇ ತಿಂಗಳಲ್ಲಿ ಹೆಂಗಸರು ಸರದಿ ಹಚ್ಚಿ, ತಂಬಿಗೆಯಲ್ಲಿ ಮೊಗೆದು ಬಿಂದಿಗೆ ತುಂಬಿಸುತ್ತಾರೆ. ಆ ಸರದಿಯಲ್ಲಿ ನಾನೂ ನಿಲ್ಲುತ್ತೇನೆ. ಅದೇ ತಿಂಗಳಲ್ಲಿ ವರ್ಷದಲ್ಲಿ ಕೆಲವೇ ವಾರ ತೆರೆಯುವ ಬಂಗಲೆಗಳಿಗೆ ಟ್ಯಾಂಕರುಗಳು ಏರುತ್ತವೆ, ಕೊಳವೆಬಾವಿ ಕೊರೆಯುವ ಲಾರಿಗಳು ಬರುತ್ತವೆ. ಮೇ ತಿಂಗಳೆಂದರೆ ಪೀಚ್ ಕಾಯಿ ದಪ್ಪವಾಗುವ ಕಾಲ. ಆಗ ಮರಕ್ಕೆ ನೀರು ಸಿಗದಿದ್ದರೆ ಹಣ್ಣು ಗೋಲಿಯ ಗಾತ್ರದಲ್ಲೇ ನಿಂತು, ಮಂಡಿಯಲ್ಲಿ ಕೊನೆಯ ದರ್ಜೆಗೆ ಬೀಳುತ್ತದೆ.

ಹಾಗಾದರೆ ಬೆಳೆಗಾರರು ಏಕೆ ಮಾರುತ್ತಾರೆ? ಈ ಪ್ರಶ್ನೆಗೆ ಸರ್ಕಾರ ಉತ್ತರ ಹುಡುಕದೆ ಭೂಕಾನೂನನ್ನು ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ, ಮತ್ತು ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ. ಕೊಳ್ಳುವವನಿಗೆ ಬಾಗಿಲು ಹಾಕಿದರೆ ಸಾಲದು, ಬೆಳೆಯುವವನಿಗೆ ಉಳಿಯುವ ದಾರಿಯೂ ಬೇಕು. ಹಣ್ಣಿನಿಂದ ಮಗಳ ಕಾಲೇಜು ಶುಲ್ಕ ಹುಟ್ಟುವುದಿಲ್ಲವಾದರೆ ಯಾವ ಅಪ್ಪನೂ ಮೂರು ತಲೆಮಾರಿನ ಮರಗಳ ಮೇಲಿನ ಮಮತೆಯಿಂದ ತೋಟವನ್ನು ಹಿಡಿದುಕೊಂಡಿರಲಾರ.

ಋತುಗಳೇ ಬದಲಾಗಿವೆ. ಡೆಲಿಶಿಯಸ್ ಜಾತಿಯ ಹಳೆಯ ಸೇಬಿನ ಮರಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು ಸುಮಾರು ಸಾವಿರ ಗಂಟೆಗಳಷ್ಟು ಸಿಗಬೇಕು. ಇಲ್ಲದಿದ್ದರೆ ಮೊಗ್ಗು ಒಂದೇ ಸಮನೆ ಒಡೆಯುವುದಿಲ್ಲ, ಹೂವು ಅಲ್ಲೊಂದು ಇಲ್ಲೊಂದು ಬಂದು ಕಾಯಿ ಕಟ್ಟದೆ ಉದುರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಹಿಮ ಬೀಳದೆ ಹೋಗುವುದು, ಫೆಬ್ರುವರಿಯ ಬಿಸಿಲಿಗೆ ಪೀಚ್ ಅವಸರದಲ್ಲಿ ಹೂಬಿಡುವುದು, ಮಾರ್ಚ್‌ನಲ್ಲಿ ಆಲಿಕಲ್ಲು ಬಿದ್ದು ಆ ಹೂವೆಲ್ಲ ನೆಲದ ಪಾಲಾಗುವುದು ನಮ್ಮಲ್ಲಿ ಈಗ ಅಪರೂಪದ ಸಂಗತಿಯಲ್ಲ. ರಾಜ್ಯದಲ್ಲಿ 2016–17ರಲ್ಲಿ ಸುಮಾರು 25 ಸಾವಿರ ಹೆಕ್ಟೇರ್ ಇದ್ದ ಸೇಬಿನ ಪ್ರದೇಶ 2022–23ರ ಹೊತ್ತಿಗೆ 11 ಸಾವಿರ ಹೆಕ್ಟೇರಿನ ಆಸುಪಾಸಿಗೆ ಕುಸಿದಿದೆ. ನಮ್ಮ ಮಾವನವರು ಮಲ್ಲಾ ರಾಮಗಢದ ತೋಟದಲ್ಲಿ ಹಳೆಯ ಸೇಬಿನ ಸಾಲುಗಳನ್ನು ತೆಗೆದು ಪೀಚ್ ನೆಟ್ಟರು. ನೆರೆಯವರು ತೆಗೆದ ಜಾಗದಲ್ಲಿ ಏನನ್ನೂ ನೆಡದೆ ಕೈಚೆಲ್ಲಿದರು. ಆ ಜಾಗದಲ್ಲಿ ಈಗ ಗಾಜಿನ ಕಿಟಕಿಗಳ ಮನೆ ನಿಂತಿದೆ.

ಆಲಿಕಲ್ಲಿಗೆ ವಿಮೆ ಇದೆಯಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಆಲಿಕಲ್ಲು ಬೆಟ್ಟದ ಒಂದು ಮಗ್ಗುಲನ್ನು ಬಡಿದು ಇನ್ನೊಂದನ್ನು ಮುಟ್ಟದೆ ಹೋಗುತ್ತದೆ. ವಿಮೆಯ ಲೆಕ್ಕಕ್ಕೆಂದು ಎಲ್ಲೋ ದೂರದಲ್ಲಿ ನಿಲ್ಲಿಸಿದ ಹವಾಮಾನ ಯಂತ್ರಕ್ಕೆ ನಮ್ಮ ಮಗ್ಗುಲಿನ ನಷ್ಟ ಕಾಣುವುದಿಲ್ಲ. ಕಂತು ಕಟ್ಟಿದ ವರ್ಷ ಬೆಳೆ ಪೂರ್ತಿ ಹೋದರೂ ಕೈಗೆ ಬಂದ ಪರಿಹಾರ ಔಷಧ ಸಿಂಪಡಣೆಯ ಖರ್ಚಿಗೂ ಸಾಲದಾದ ಅನುಭವ ನಮ್ಮ ಮನೆಯಲ್ಲೇ ಆಗಿದೆ.

ಎಲ್ಲ ಕಂಟಕಗಳನ್ನು ದಾಟಿ ಹಣ್ಣು ಬಂದಿತೆಂದುಕೊಳ್ಳಿ. ಪೀಚ್ ಸೇಬಿನಂತೆ ತಿಂಗಳುಗಟ್ಟಲೆ ಕಾಯುವ ಹಣ್ಣಲ್ಲ. ಮರದಿಂದ ಇಳಿಸಿದ ಮೇಲೆ, ತಂಪಿಲ್ಲದೆ, ಜೂನಿನ ಸೆಕೆಯಲ್ಲಿ ಎರಡು ಮೂರು ದಿನಕ್ಕೆ ಮೆತ್ತಗಾಗಿ ಕಪ್ಪು ಮಚ್ಚೆ ಬೀಳುತ್ತದೆ. ಮುಂಜಾನೆ ಕಿತ್ತು, ದರ್ಜೆ ಮಾಡಿ, ಹುಲ್ಲು ಮತ್ತು ಕಾಗದ ಹಾಸಿ ಪೆಟ್ಟಿಗೆಗೆ ತುಂಬಿ, ಪಿಕಪ್ ವಾಹನಕ್ಕೆ ಏರಿಸಿದರೆ ಅದು ಸಂಜೆಯೊಳಗೆ ಬೆಟ್ಟದ ಬುಡದ ಮಂಡಿಯೂರಾದ ಹಲ್ದ್ವಾನಿ ತಲುಪಬೇಕು. ದಾರಿ ಇರುವುದು ಭವಾಲಿಯ ಮೂಲಕ. ಜೂನ್ ತಿಂಗಳು ಪೀಚ್‌ನ ಸುಗ್ಗಿ. ನೈನಿತಾಲದ ಪ್ರವಾಸಿಗರ ಸುಗ್ಗಿಯೂ ಅದೇ ತಿಂಗಳು. ಭವಾಲಿಯಿಂದ ಅಲ್ಮೋಡಾ ಕಡೆಗಿರುವ, ನೀಮ್ ಕರೋಲಿ ಬಾಬಾ ಅವರ ಆಶ್ರಮವಾದ ಕೈಂಚಿ ಧಾಮದಲ್ಲಿ ಪ್ರತಿವರ್ಷ ಜೂನ್ 15ರಂದು ಸ್ಥಾಪನಾ ದಿನದ ದೊಡ್ಡ ಮೇಳ ನಡೆಯುತ್ತದೆ. ಭಕ್ತರ ಮೇಲೆ ನನ್ನ ಆಕ್ಷೇಪವಿಲ್ಲ, ನಮ್ಮ ಅತ್ತೆಯವರೂ ಬಾಬಾ ಅವರ ಭಕ್ತರೇ. ಆದರೆ ಆ ವಾರಗಳಲ್ಲಿ ಹಣ್ಣಿನ ಗಾಡಿಗಳು ಕಾರುಗಳ ಸಾಲಿನಲ್ಲಿ ಸಿಕ್ಕಿ, ಅಥವಾ ಬೇರೆ ದಾರಿಗೆ ತಿರುಗಿಸಲ್ಪಟ್ಟು, ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಮಂಡಿಯ ಹರಾಜು ಮುಗಿದ ಮೇಲೆ ತಲುಪಿದ ಪೆಟ್ಟಿಗೆಗೆ ಆಢತಿ, ಅಂದರೆ ಮಂಡಿಯ ಕಮಿಷನ್ ವ್ಯಾಪಾರಿ, ಹೇಳಿದ್ದೇ ದರ. ಬಾಡಿಗೆ, ಪೆಟ್ಟಿಗೆ, ಹಮಾಲಿ, ಕಮಿಷನ್ ಕಳೆದು ಉಳಿದದ್ದನ್ನು ಚೀಟಿಯಲ್ಲಿ ಓದಿದ ರಾತ್ರಿಯೇ ತೋಟ ಮಾರುವ ಮಾತು ನಮ್ಮ ಅಡುಗೆಮನೆಗಳಲ್ಲಿ ಹುಟ್ಟುತ್ತದೆ. ಬಾಗಿಲಿಗೆ ಬರುವ ದಲ್ಲಾಳಿ ಅದಕ್ಕೆ ಸರಿಯಾಗಿ ಆ ತಿಂಗಳನ್ನೇ ಆರಿಸಿಕೊಂಡು ಬರುತ್ತಾನೆ.

ಈ ಪ್ರದೇಶದಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ ಎಂಬುದು ನನ್ನ ನೋವನ್ನು ಹೆಚ್ಚಿಸುತ್ತದೆ. ರಾನಿಖೇತದ ಬಳಿಯ ಚೌಬಟಿಯಾದಲ್ಲಿ ಬ್ರಿಟಿಷರ ಕಾಲದಿಂದ ಸರ್ಕಾರಿ ತೋಟವಿದೆ. ಚೌಬಟಿಯಾ ಅನುಪಮ್, ಚೌಬಟಿಯಾ ಪ್ರಿನ್ಸೆಸ್ ಎಂಬ ಸೇಬಿನ ತಳಿಗಳು ಬಂದದ್ದು ಅಲ್ಲಿಂದ. ಸವರಿದ ಕೊಂಬೆಯ ಗಾಯಕ್ಕೆ ಹಚ್ಚುವ ಚೌಬಟಿಯಾ ಪೇಸ್ಟ್ ದೇಶದ ತೋಟಗಾರಿಕೆ ಪಠ್ಯಗಳಲ್ಲೆಲ್ಲ ಇದೆ. ಮುಕ್ತೇಶ್ವರದಲ್ಲಿ ಕೇಂದ್ರ ಸಮಶೀತೋಷ್ಣ ತೋಟಗಾರಿಕೆ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ದಟ್ಟ ನಾಟಿಯ ಸೇಬಿಗೆ ಸಬ್ಸಿಡಿ ಕೊಡುವ ಯೋಜನೆಗಳೂ ಇವೆ. ಆದರೆ ತಂತಿ, ಕಂಬ, ಹನಿ ನೀರಾವರಿ ಎಲ್ಲವೂ ಬೇಕಾಗುವ ಆ ಪದ್ಧತಿ ಕೈಯಲ್ಲಿ ಹಣವೂ ಹತ್ತಿರದಲ್ಲಿ ನೀರೂ ಇದ್ದವರಿಗೆ ಒದಗುತ್ತದೆ. ಮಳೆಯನ್ನೇ ನಂಬಿ ಹದಿನೈದು ಇಪ್ಪತ್ತು ನಾಲಿಯಲ್ಲಿ ಪೀಚ್, ಪ್ಲಮ್ ಬೆಳೆಯುವವರನ್ನು ಅದು ಮುಟ್ಟುವುದಿಲ್ಲ. ರಾಮಗಢದ ಬಹುಪಾಲು ಬೆಳೆಗಾರರು ಅಂಥವರು.

ಆದ್ದರಿಂದ, ಮಾನ್ಯ ಮುಖ್ಯಮಂತ್ರಿಯವರೆ, ನನ್ನ ಮನವಿ ಹೀಗಿದೆ. ಕಂದಾಯ ದಾಖಲೆಯಲ್ಲಿ ಹಣ್ಣಿನ ತೋಟವೆಂದಿರುವ ಭೂಮಿಗೆ 250 ಚದರ ಮೀಟರಿನ ರಿಯಾಯಿತಿ ಅನ್ವಯಿಸದಂತೆ ನಿಯಮ ಸ್ಪಷ್ಟವಾಗಲಿ. ಒಂದೇ ತೋಟವನ್ನು ತುಂಡರಿಸಿ ಸಾಲಾಗಿ ನೋಂದಾಯಿಸುವುದನ್ನು ನೋಂದಣಿ ಕಚೇರಿಯಲ್ಲೇ ತಡೆಯುವ ವ್ಯವಸ್ಥೆ ಆಗಲಿ. ಇಳಿಜಾರಿನಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು, ಅದರ ನೀರು ಯಾವ ಮೂಲದಿಂದ ಬರುತ್ತದೆ ಎಂಬುದನ್ನು ಗ್ರಾಮಸಭೆಯ ಮುಂದೆ ಬರೆದು ತೋರಿಸುವುದು ಕಡ್ಡಾಯವಾಗಲಿ, ನೌಲಾಗಳ ಮೇಲ್ಭಾಗದ ಕಾಡಿನ ಬಳಿ ಕೊಳವೆಬಾವಿ ಕೊರೆಯುವುದು ನಿಲ್ಲಲಿ.

ಸುಗ್ಗಿಯ ವಿಷಯದಲ್ಲಿ ನಾವು ಕೇಳುವುದು ದೊಡ್ಡ ಕಾರ್ಖಾನೆಯನ್ನಲ್ಲ. ತಲ್ಲಾ ರಾಮಗಢದಲ್ಲಿ ಕಿತ್ತ ಹಣ್ಣಿನ ಬಿಸಿ ಇಳಿಸುವ ಒಂದು ಸಣ್ಣ ಶೀತಕೋಣೆ, ಅಲ್ಲಿಯೇ ದರ್ಜೆ ಮಾಡುವ ಒಂದು ಚಪ್ಪರ, ಮೇ 15ರಿಂದ ಜುಲೈ 15ರವರೆಗೆ ಭವಾಲಿಯಲ್ಲಿ ಹಣ್ಣಿನ ಗಾಡಿಗಳಿಗೆ ಆಂಬುಲೆನ್ಸ್‌ನ ನಂತರದ ಆದ್ಯತೆ. ಈ ಕೊನೆಯದಕ್ಕೆ ಬೊಕ್ಕಸದಿಂದ ಒಂದು ರೂಪಾಯಿಯೂ ಬೇಕಿಲ್ಲ. ಜಿಲ್ಲಾಡಳಿತದ ಒಂದು ಆದೇಶ ಸಾಕು. ಆಲಿಕಲ್ಲಿನ ಬಲೆಗೆ ಸೇಬಿಗೆ ಸಿಗುವ ನೆರವು ಪೀಚ್, ಪ್ಲಮ್‌ಗೂ ಸಿಗಲಿ, ಮತ್ತು ಆಲಿಕಲ್ಲಿನ ನಷ್ಟವನ್ನು ಯಂತ್ರದ ಬದಲು ತೋಟಕ್ಕೆ ಬಂದು ನೋಡಿ ಅಳೆಯುವ ಏರ್ಪಾಡಾಗಲಿ.

ಮಾರಾಟದ ಬಗ್ಗೆ ನನ್ನ ತವರಿನ ಒಂದು ಉದಾಹರಣೆಯನ್ನು ಮುಂದಿಡುತ್ತೇನೆ. ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಒಂದು ಸಹಕಾರ ಸಂಘ ಕಟ್ಟಿಕೊಂಡರು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ರೈತ ತಂದ ಹಣ್ಣನ್ನು ತೂಗಿ, ಬೆಲೆ ಕೊಟ್ಟು, ನಗರದ ಮೂಲೆಮೂಲೆಯ ಮಳಿಗೆಗಳಲ್ಲಿ ಮಾರುವ ಆ ವ್ಯವಸ್ಥೆಯನ್ನು ನೋಡಿಕೊಂಡೇ ನಾನು ಬೆಳೆದೆ. ಇಂದು ಅದಕ್ಕೂ ತನ್ನದೇ ಕಷ್ಟಗಳಿವೆ. ಆದರೂ ದಶಕಗಳ ಕಾಲ ಸಣ್ಣ ಬೆಳೆಗಾರನಿಗೆ ಮಂಡಿಯ ಹೊರಗೆ ಇನ್ನೊಂದು ಬಾಗಿಲನ್ನು ಅದು ತೆರೆದಿಟ್ಟಿತ್ತು. ನೈನಿತಾಲ್, ಭೀಮತಾಲ್, ಭವಾಲಿಗಳಿಗೆ ಲಕ್ಷಗಟ್ಟಲೆ ಪ್ರವಾಸಿಗರು ಬರುವ ತಿಂಗಳಲ್ಲೇ ನಮ್ಮ ಹಣ್ಣೂ ಬರುತ್ತದೆ. ಆ ಊರುಗಳಲ್ಲಿ ಬೆಳೆಗಾರರ ಸಂಘದ್ದೇ ಮಳಿಗೆಗಳಿದ್ದರೆ, ಹಣ್ಣಿಗೆ ಬಯಲಿಗೆ ಇಳಿದು ಹಾಳಾಗುವ ಅಗತ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಜಾಗ ಮತ್ತು ಮೊದಲ ಬಂಡವಾಳ ಸರ್ಕಾರದ್ದಾಗಲಿ, ಆಡಳಿತ ಬೆಳೆಗಾರರ ಕೈಯಲ್ಲಿರಲಿ, ಆಡಳಿತ ಮಂಡಳಿಯಲ್ಲಿ ಹಣ್ಣು ಕೀಳುವ, ದರ್ಜೆ ಮಾಡುವ ಹೆಂಗಸರೂ ಕೂರಲಿ.

ಈಗ ನನ್ನ ಕನ್ನಡದ ಬಂಧುಗಳಲ್ಲಿ ಒಂದು ಮಾತು. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ಆಯುಷ್ಯ ಸವೆಸಿದವರು ಹಿಮ ಕಾಣುವ ಒಂದು ಕಿಟಕಿಯನ್ನು ಬಯಸುವುದು ಅಪರಾಧವಲ್ಲ. ಆದರೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಏನಾಯಿತೆಂದು ನಿಮಗೆ ಗೊತ್ತು. ದ್ರಾಕ್ಷಿ ಚಪ್ಪರಗಳಿದ್ದಲ್ಲಿ ಬಡಾವಣೆಗಳ ಕಮಾನುಗಳು ನಿಂತವು. ನಮ್ಮ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮರಗಳು ಮಾತ್ರ ಹುಡುಕಿದರೆ ಸಿಗುವಷ್ಟಾದವು. ನಮ್ಮ ತಂದೆಯ ತೋಟವೂ ಹಾಗೆಯೇ ಹೋಯಿತು. ಬಂದ ಹಣ ಎರಡು ಮದುವೆ, ಒಂದು ಮನೆ, ಒಂದು ಕಾಯಿಲೆಯಲ್ಲಿ ಕರಗಿತು. ಅದನ್ನು ಕಣ್ಣಾರೆ ಕಂಡವಳಾಗಿ ಇಲ್ಲಿಯ ಬೆಳೆಗಾರರ ಮುಂದೆ ಚೆಕ್ ಹಿಡಿದು ನಿಲ್ಲಬೇಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ರಾಮಗಢಕ್ಕೆ ಬನ್ನಿ, ಬೆಳೆಗಾರರ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇರಿ, ಬೇಕಾದರೆ ಇಡೀ ಬೇಸಿಗೆ ಇರಿ. ಹೋಗುವಾಗ ಹಣ್ಣನ್ನು ತೋಟದಲ್ಲೇ ಸರಿಯಾದ ಬೆಲೆ ಕೊಟ್ಟು ಕೊಳ್ಳಿ. ಈಗಾಗಲೇ ಜಾಗ ಕೊಂಡಿರುವವರು ಮಳೆನೀರಿನ ತೊಟ್ಟಿ ಕಟ್ಟಿಸಿಕೊಳ್ಳಿ, ಕಲ್ಲುಕಟ್ಟುಗಳನ್ನು ಕೆಡವಬೇಡಿ, ಉಳಿದಿರುವ ಮರಗಳ ಆರೈಕೆಯನ್ನು ಅಕ್ಕಪಕ್ಕದ ಬೆಳೆಗಾರರಿಗೆ ವಹಿಸಿ ಫಲವನ್ನು ಅವರೊಂದಿಗೆ ಹಂಚಿಕೊಳ್ಳಿ.

ಮಾನ್ಯ ಮುಖ್ಯಮಂತ್ರಿಯವರೆ, ತೋಟಗಾರಿಕೆ, ಕಂದಾಯ ಮತ್ತು ಪೊಲೀಸ್ ಇಲಾಖೆಗಳ ಅಧಿಕಾರಿಗಳು ಬರುವ ಪೀಚ್ ಸುಗ್ಗಿಗೆ ಮೊದಲು, ಏಪ್ರಿಲ್ ತಿಂಗಳೊಳಗೆ, ತಲ್ಲಾ ರಾಮಗಢಕ್ಕೆ ಬಂದು ಬೆಳೆಗಾರರ ಜೊತೆ ಒಂದು ದಿನ ಕೂರುವಂತೆ ಆದೇಶಿಸಬೇಕೆಂದು ಪ್ರಾರ್ಥಿಸುತ್ತೇನೆ. ಯಾವ ಸರ್ವೆ ನಂಬರಿನಲ್ಲಿ ಯಾವ ತೋಟ ತುಂಡಾಗಿದೆ, ಯಾವ ನೌಲಾ ಬತ್ತಿದೆ, ಕಳೆದ ಸುಗ್ಗಿಯಲ್ಲಿ ಯಾವ ಪೆಟ್ಟಿಗೆಗೆ ಎಷ್ಟು ಬಂತು ಎಂಬ ಚೀಟಿಗಳನ್ನೆಲ್ಲ ನಾವು ಹೆಂಗಸರು ಒಟ್ಟುಗೂಡಿಸಿ ಇಟ್ಟಿದ್ದೇವೆ. ಸಭೆಯ ದಿನ ಅವುಗಳನ್ನು ಮುಂದಿಡಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ರಾಮಗಢದ ಹಣ್ಣು ಬೆಳೆಗಾರರ ಮನೆಯ ಒಬ್ಬ ಸೊಸೆ